ಇಂಗ್ಲಿಷ್ ಓದಿನ ವಾರ: ನಮ್ಮ ಶಾಲೆಯ ಒಂದು ವೇಳಾಪಟ್ಟಿಯ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ನನಗೆ ಸಂತೋಷವೂ ಆಯಿತು, ಅಂಜಿಕೆಯೂ ಆಯಿತು. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಚರಿತ್ರೆ ಬರೆದು ಅಭ್ಯಾಸವಿಲ್ಲ. ಶಾಲೆಗೆ ಜಾಗ ಕೊಟ್ಟವರು, ಕಟ್ಟಡ ಕಟ್ಟಿಸಿದವರು, ದುಡಿದ ಗುರುಗಳು, ಇವರ ಬಗ್ಗೆ ಬರೆಯಲು ನನಗಿಂತ ತಿಳಿದ ಹಿರಿಯರಿದ್ದಾರೆ. ಆದ್ದರಿಂದ ನಾನು ಒಂದೇ ಸಣ್ಣ ವಿಷಯ ಹಿಡಿದಿದ್ದೇನೆ: ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮುಂಚೆ ನಮ್ಮ ಮಕ್ಕಳು ಇಂಗ್ಲಿಷನ್ನು ಹೇಗೆ ಓದುತ್ತಿದ್ದರು ಎಂಬುದು. ಇದಕ್ಕಾಗಿ ಶಾಲೆಯ ಹಳೆಯ ರಿಜಿಸ್ಟರುಗಳನ್ನು ನೋಡಿದೆ, ಬೇರೆ ಬೇರೆ ತಂಡದ ಹಳೆಯ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡಿದೆ.

ರಾಜ್ಯಕ್ಕೆ ‘ಕರ್ನಾಟಕ’ ಎಂದು ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದರ ಮರುವರ್ಷ, 1974ರಲ್ಲಿ, ಪ್ರಾಥಮಿಕ ಶಾಲೆಯ ಪಡಸಾಲೆಯಲ್ಲೇ ನಮ್ಮ ಪ್ರೌಢಶಾಲೆಯ ಎಂಟನೇ ತರಗತಿ ಶುರುವಾಯಿತು. ಆ ಮೊದಲ ತಂಡ ಎಸ್.ಎಸ್.ಎಲ್.ಸಿ. ಬರೆದದ್ದು 1977ರಲ್ಲಿ. ಆಗ ಕನ್ನಡ ಮಾಧ್ಯಮದ ಮಕ್ಕಳಿಗೆ ಎ ಬಿ ಸಿ ಡಿ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. ಅಂದರೆ ಅಕ್ಷರ ಕಲಿತ ಆರು ವರ್ಷಕ್ಕೆ ಪಬ್ಲಿಕ್ ಪರೀಕ್ಷೆ. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಆ ಭಾಷೆಯ ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ.

ಮೊದಲ ತಂಡದ ಹಿರಿಯರೊಬ್ಬರು ಹೇಳಿದರು: “ನಾವು ಇಂಗ್ಲಿಷ್ ಓದಲಿಲ್ಲಪ್ಪ, ಗಟ್ಟಿ ಹೊಡೆದೆವು. ಪರೀಕ್ಷೆಗೆ ಒಂದು ತಿಂಗಳಿದ್ದಾಗ ಲಾಟೀನು ಇಟ್ಟುಕೊಂಡು ಶಾಲೆಯಲ್ಲೇ ಮಲಗುತ್ತಿದ್ದೆವು. ಪ್ರಶ್ನೆ ತಿರುಗಿಸಿ ಕೇಳಿದರೆ ಮುಗಿಯಿತು, ಕಲಿತ ಉತ್ತರ ಎಲ್ಲಿಗೆ ಹಾಕಬೇಕು ಅಂತ ಗೊತ್ತಾಗುತ್ತಿರಲಿಲ್ಲ.” ಶಾಲೆಯಲ್ಲಿದ್ದದ್ದು ಒಂದೇ ದೊಡ್ಡ ನಿಘಂಟು, ಮೈಸೂರು ವಿಶ್ವವಿದ್ಯಾನಿಲಯ 1946ರಲ್ಲಿ ಮೊದಲು ಹೊರತಂದ ಇಂಗ್ಲಿಷ್-ಕನ್ನಡ ನಿಘಂಟು. ಅದು ಬೀರುವಿನಲ್ಲಿ ಭದ್ರವಾಗಿತ್ತು. ಬೀರುವಿನ ಕೀ ಹೆಡ್‌ಮಾಸ್ಟರ ಜೇಬಿನಲ್ಲಿ ಭದ್ರವಾಗಿತ್ತು.

ಅದೇ ಕಾಲದಲ್ಲಿ ಹೊರಗೆ ದೊಡ್ಡ ಚರ್ಚೆಗಳು ನಡೆದಿದ್ದವು. 1980ರಲ್ಲಿ ವಿ. ಕೃ. ಗೋಕಾಕರ ಸಮಿತಿ ನೇಮಕವಾಯಿತು, ಮರುವರ್ಷ ವರದಿ ಬಂತು, 1982ರಲ್ಲಿ ಚಳವಳಿಗೆ ಡಾ. ರಾಜ್‌ಕುಮಾರ್ ಇಳಿದರು. ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆ ಯಾವುದಾಗಬೇಕು ಎಂಬುದು ಪ್ರಶ್ನೆ. ನಮ್ಮ ಶಾಲೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಎಲ್ಲರಿಗೂ ಕನ್ನಡವೇ ಮೊದಲು, ಇಂಗ್ಲಿಷ್ ಎರಡನೆಯದು. ಇನ್ನೊಂದು ಕಡೆ, 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿತ್ತು. 1979ರಿಂದ ಎನ್. ಎಸ್. ಪ್ರಭು ಎಂಬ ವಿದ್ವಾಂಸರು ಬೆಂಗಳೂರು, ಮದರಾಸುಗಳ ಕೆಲವು ಶಾಲೆಗಳಲ್ಲಿ ಹೊಸ ಪ್ರಯೋಗ ಮಾಡಿದರು. ವ್ಯಾಕರಣ ಉರು ಹೊಡೆಸದೆ, ನಕ್ಷೆ, ರೈಲಿನ ವೇಳಾಪಟ್ಟಿಯಂಥವನ್ನು ಕೊಟ್ಟು ಕೆಲಸ ಮಾಡಿಸುತ್ತಲೇ ಭಾಷೆ ಕಲಿಸುವುದು ಅವರ ದಾರಿ. ಜಗತ್ತಿನ ಇಂಗ್ಲಿಷ್ ಬೋಧಕರು ಇಂದಿಗೂ ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎನ್ನುತ್ತಾರೆ. ಬೆಂಗಳೂರಿನಿಂದ ನಮ್ಮೂರಿಗೆ ಒಂದು ಹಗಲಿನ ಬಸ್ ಪ್ರಯಾಣ. ಆ ವಿದ್ಯೆ ಮಾತ್ರ ಬಂದು ಮುಟ್ಟಲು ಬಹಳ ವರ್ಷ ಹಿಡಿಯಿತು.

ಈಗ ಒಂದು ಕಹಿ ಮಾತು. ಸ್ಮರಣ ಸಂಚಿಕೆಯಲ್ಲಿ ಬರೀ ಹೊಗಳಿಕೆ ಇದ್ದರೆ ಅದು ಚರಿತ್ರೆ ಆಗುವುದಿಲ್ಲ. ತೊಂಬತ್ತರ ದಶಕದ ನಡುವೆ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರ ಹುದ್ದೆ ಖಾಲಿ ಇತ್ತು. ಬೇರೆ ವಿಷಯದ ಮೇಷ್ಟ್ರುಗಳು ತಮ್ಮ ಪಾಠ ಮುಗಿಸಿ, ಬಿಡುವಾದಾಗ ಬಂದು ಇಂಗ್ಲಿಷ್ ಪಾಠ ಓದಿಸಿ ಹೋಗುತ್ತಿದ್ದರು. ಅವರದೇನೂ ತಪ್ಪಿಲ್ಲ. ನನ್ನ ಅಕ್ಕ 1996ರಲ್ಲಿ ಎಸ್.ಎಸ್.ಎಲ್.ಸಿ. ಬರೆದಳು. ಗಣಿತ, ವಿಜ್ಞಾನ, ಸಮಾಜ ಎಲ್ಲದರಲ್ಲೂ ಪಾಸು. ಇಂಗ್ಲಿಷಿನಲ್ಲಿ ನೂರಕ್ಕೆ 28. ಬೇಕಿದ್ದದ್ದು 35. “ಇಂಗ್ಲಿಷಿನಲ್ಲಿ ಹೋಯಿತು” ಎಂಬ ಮಾತು ನಮ್ಮೂರಿನ ಎಷ್ಟೋ ಮನೆಗಳಲ್ಲಿ ಕೇಳಿದ್ದೇ. ಗಂಡುಮಕ್ಕಳಾದರೆ ಮತ್ತೆ ಪರೀಕ್ಷೆ ಕಟ್ಟುತ್ತಿದ್ದರು. ಅಕ್ಕ ಕಟ್ಟಲಿಲ್ಲ, ಯಾರೂ ಕಟ್ಟಿಸಲಿಲ್ಲ. ಎರಡು ವರ್ಷಕ್ಕೆ ಮದುವೆಯಾಯಿತು.

ನಾನು ಹತ್ತನೇ ತರಗತಿಗೆ ಬಂದದ್ದು 2002ರಲ್ಲಿ. ಮಳೆ ಕೈಕೊಟ್ಟ ವರ್ಷ. ಅಷ್ಟು ಹೊತ್ತಿಗೆ ಶಾಲೆಗೆ ಇಂಗ್ಲಿಷ್ ಮೇಷ್ಟ್ರು ಬಂದಿದ್ದರು. ತಮ್ಮ ಹೆಸರು ಹಾಕಬಾರದೆಂದು ಅವರೇ ಹೇಳಿರುವುದರಿಂದ ಇಲ್ಲಿ ಬರೆದಿಲ್ಲ. ಓದುವವರಿಗೆ ಯಾರೆಂದು ಗೊತ್ತಾಗುತ್ತದೆ. ದೀಪಾವಳಿ ಕಳೆದು ಶಾಲೆ ತೆರೆದ ದಿನ ಅವರು ಬೋರ್ಡಿನ ಮೇಲೆ ‘20’ ಎಂದು ಬರೆದರು. “ಪರೀಕ್ಷೆಗೆ ಇಪ್ಪತ್ತು ವಾರ ಇದೆ. ತಿಂಗಳ ಲೆಕ್ಕ ಬೇಡ, ದಿನದ ಲೆಕ್ಕವೂ ಬೇಡ. ನಮ್ಮೂರು ನಡೆಯೋದು ವಾರದ ಮೇಲೆ. ಓದೂ ವಾರದ ಮೇಲೇ ನಡೀಲಿ” ಎಂದರು. ಆಮೇಲೆ ಪಾಠ ಶುರು ಮಾಡದೆ, ನಮ್ಮ ಮನೆಗಳಲ್ಲಿ ಯಾವ ವಾರ ಏನು ಕೆಲಸ ಎಂದು ಒಬ್ಬೊಬ್ಬರನ್ನೇ ಕೇಳಿದರು.

ಸೋಮವಾರ ಬಸವಣ್ಣನ ವಾರ, ಎತ್ತಿಗೆ ನೊಗ ಹಾಕುವುದಿಲ್ಲ. ಗುರುವಾರ ಸಂತೆ. ಶನಿವಾರ ಬೆಳಗಿನ ಶಾಲೆ. ಸಂಜೆ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇಷ್ಟನ್ನು ಇಟ್ಟುಕೊಂಡು ಅವರು ಪಟ್ಟಿ ಹಾಕಿದರು. ಹೊಲದ ಕೆಲಸವಿಲ್ಲದ ಸೋಮವಾರ ಬೆಳಗಿನ ಜಾವಕ್ಕೆ ಎಲ್ಲಕ್ಕಿಂತ ದೊಡ್ಡ ಕೆಲಸ, ಅಂದರೆ ಹೊಸ ಗದ್ಯಪಾಠ. ಆಗ ನನ್ನ ಸಹಪಾಠಿಯೊಬ್ಬಳು ಎದ್ದು ನಿಂತು ಹೇಳಿದಳು: “ಸಾರ್, ಸೋಮವಾರ ಎತ್ತಿಗೆ ರಜ. ನಮಗಲ್ಲ.”

ತರಗತಿಯಲ್ಲಿ ನಗು ಎದ್ದಿತು. ಮೇಷ್ಟ್ರು ನಗಲಿಲ್ಲ. ಹೆಣ್ಣುಮಕ್ಕಳ ಬೆಳಗನ್ನು ಕೇಳಿ ತಿಳಿದುಕೊಂಡರು. ಬೋರ್‌ವೆಲ್ ಹತ್ತಿರ ಕೊಡ ಸಾಲಿಗಿಡುವುದು, ಕಸ ಬಳಿಯುವುದು, ತಮ್ಮ ತಂಗಿಯರನ್ನು ಹೊರಡಿಸುವುದು. ಬೋರ್ಡು ಒರೆಸಿ ಪಟ್ಟಿಯನ್ನು ಮತ್ತೆ ಬರೆದರು. ಆ ವೇಳಾಪಟ್ಟಿ ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ.

ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಎಲ್ಲರೂ ಅಲ್ಲೇ ಕೂತು ಹೊಸ ಪಾಠವನ್ನು ಗಟ್ಟಿಯಾಗಿ ಓದುವುದು. ಅರ್ಥ ಕನ್ನಡದಲ್ಲಿ ಹೇಳಬಹುದು, ನಾಚಿಕೆ ಬೇಡ. ಮಂಗಳವಾರ ಹತ್ತು ಪದ, ಹತ್ತೇ. ಪ್ರತಿ ಪದಕ್ಕೂ ನಮ್ಮದೇ ಒಂದು ವಾಕ್ಯ, ಗೈಡಿನದಲ್ಲ. ಪದಗಳನ್ನು ಅಂಗೈ ಅಗಲದ ಚೀಟಿಯಲ್ಲಿ ಬರೆದುಕೊಂಡರೆ ಕೊಡದ ಸಾಲಿನಲ್ಲೂ ನೋಡಬಹುದು. ಬುಧವಾರ ವ್ಯಾಕರಣದ ಒಂದೇ ವಿಷಯ. ಗುರುವಾರ ಪುಸ್ತಕ ಮುಟ್ಟುವಂತಿಲ್ಲ. ಸಂತೆಗೆ ಹೋಗುವ ದಾರಿಯಲ್ಲಿ ಬಾಯಿಪಾಠದ ಪದ್ಯ ಹೇಳಿಕೊಳ್ಳುವುದು, ಸಂತೆಯ ಸಾಮಾನಿನ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಯುವುದು, ಅಷ್ಟೇ. ಶುಕ್ರವಾರ ಒಂದು ಪತ್ರ ಅಥವಾ ಒಂದು ಸಣ್ಣ ಪ್ರಬಂಧ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅರ್ಧ ಗಂಟೆಯ ಟೆಸ್ಟು, ಜೊತೆಗೆ ಉಕ್ತಲೇಖನ. ಭಾನುವಾರ ಹೊಸದೇನೂ ಇಲ್ಲ. ಆ ವಾರದ ತಪ್ಪುಗಳನ್ನೆಲ್ಲ ‘ತಪ್ಪಿನ ಪುಸ್ತಕ’ಕ್ಕೆ ಇಳಿಸಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುವುದು.

ಬುಧವಾರದ ಪಾಠಗಳು ನನಗೆ ಇಂದಿಗೂ ನೆನಪಿವೆ. “ನಾನು ಸಂತೆಗೆ ಹೋದೆ” ಎಂದು ಬೋರ್ಡಿನ ಮೇಲೆ ಬರೆದು ಮೇಷ್ಟ್ರು ಕೇಳಿದರು: “ಹೋದೆ ಎಲ್ಲಿದೆ?” ಕೊನೆಯಲ್ಲಿ. “ಇಂಗ್ಲಿಷಿನವನು ಹೋಗುವುದನ್ನು ಮೊದಲು ಹೇಳುತ್ತಾನೆ, ಎಲ್ಲಿಗೆ ಅನ್ನೋದನ್ನು ಆಮೇಲೆ.” ಐ ವೆಂಟ್ ಟು ದ ಮಾರ್ಕೆಟ್. ನಮ್ಮ ‘ಗೆ’ ಪದದ ಬಾಲದಲ್ಲಿ ಅಂಟಿಕೊಳ್ಳುತ್ತದೆ, ಅವರ ‘ಟು’ ಪದದ ಮುಂದೆ ಬಂದು ನಿಲ್ಲುತ್ತದೆ. ‘ದ’ ಅನ್ನುವುದಕ್ಕೆ ನಮ್ಮಲ್ಲಿ ಜೋಡಿಯೇ ಇಲ್ಲ, ಅದಕ್ಕೇ ಮರೆಯುತ್ತೇವೆ. ‘ಐ ಡಿಡ್ ನಾಟ್ ವೆಂಟ್’ ಎಂದು ಅರ್ಧ ತರಗತಿ ಬರೆದಿತ್ತು. “ನಡೆದುಹೋದ ಕಾಲವನ್ನು ‘ಡಿಡ್’ ಹೊತ್ತಾಯಿತು, ಇನ್ನೊಬ್ಬ ಯಾಕೆ ಹೊರಬೇಕು? ‘ಗೋ’ ಸಾಕು” ಎಂದರು. ಒಂದು ವಾರಕ್ಕೆ ಒಂದೇ ನಿಯಮ. ಆದರೆ ಆ ವಾರ ಶುಕ್ರವಾರದ ಪತ್ರದಲ್ಲೂ ಶನಿವಾರದ ಟೆಸ್ಟಿನಲ್ಲೂ ಅದು ಮತ್ತೆ ಬರುತ್ತಿತ್ತು, ಮೂರು ವಾರ ಬಿಟ್ಟು ಇನ್ನೊಮ್ಮೆ ಬರುತ್ತಿತ್ತು.

ಇದರ ಹಿಂದಿನ ತತ್ವ ನನಗೆ ತಿಳಿದದ್ದು ಬಹಳ ತಡವಾಗಿ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬವರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ನೆನಪಿನ ಬಗ್ಗೆ ಪುಸ್ತಕ ಬರೆದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿತು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದರು. ಕಲಿತ ಕೂಡಲೇ ಮರೆವು ವೇಗವಾಗಿ ಬರುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ದಿನ ಎಲ್ಲವನ್ನೂ ತಿದ್ದುವುದಕ್ಕಿಂತ ದಿನಗಳ ಮೇಲೆ ಹಂಚಿಕೊಂಡು ತಿದ್ದಿದರೆ ಕಡಿಮೆ ಶ್ರಮದಲ್ಲಿ ನಿಲ್ಲುತ್ತದೆ. ಮೊದಲ ತಂಡದವರ ಲಾಟೀನಿನ ತಿಂಗಳಿಗೂ ನಮ್ಮ ಇಪ್ಪತ್ತು ವಾರಕ್ಕೂ ಇದ್ದ ವ್ಯತ್ಯಾಸ ಇದೇ. ಅವರು ನಮಗಿಂತ ದಡ್ಡರಾಗಿರಲಿಲ್ಲ, ಕಷ್ಟವನ್ನೂ ನಮಗಿಂತ ಹೆಚ್ಚೇ ಪಟ್ಟಿದ್ದರು.

ಆ ವರ್ಷ ಅಕ್ಕ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಮಂಗಳವಾರ ರಾತ್ರಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಬುಡ್ಡಿ ದೀಪದ ಬೆಳಕಿನಲ್ಲಿ ನನ್ನ ಚೀಟಿ ಹಿಡಿದು ಹತ್ತು ಪದ ಕೇಳುತ್ತಿದ್ದಳು. ಅವಳು ಕನ್ನಡ ಹೇಳಬೇಕು, ನಾನು ಇಂಗ್ಲಿಷ್ ಹೇಳಬೇಕು. ಎರಡು ತಿಂಗಳು ಕಳೆಯುವಷ್ಟರಲ್ಲಿ ಚೀಟಿ ನೋಡದೆ ನನ್ನನ್ನೇ ತಿದ್ದತೊಡಗಿದಳು. ಒಂದು ರಾತ್ರಿ ಸುಮ್ಮನೆ ಕೂತಿದ್ದು ಹೇಳಿದಳು: “ನನಗೆ ಈ ಥರ ವಾರ ಹಾಕಿಕೊಡುವವರು ಯಾರೂ ಇರಲಿಲ್ಲ ಕಣೋ.” ಆಗ ನನಗೆ ಉತ್ತರ ತೋಚಲಿಲ್ಲ.

2003ರಲ್ಲಿ ನಾನು ಪಾಸಾದೆ. ಇಂಗ್ಲಿಷಿನಲ್ಲಿ ದೊಡ್ಡ ಅಂಕವೇನೂ ಅಲ್ಲ, ಆದರೆ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಮೇಲೆ ಅದರ ಬೆಲೆ ಗೊತ್ತಾಯಿತು. ಅಲ್ಲಿ ಎಲ್ಲ ಪಾಠವೂ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದ ಎಷ್ಟೋ ಜನ ಮೂರು ತಿಂಗಳಲ್ಲಿ ವಿಭಾಗ ಬದಲಿಸಿಕೊಂಡರು. ನಾನು ಹತ್ತು ಪದದ ಚೀಟಿಯನ್ನು ಭೌತಶಾಸ್ತ್ರಕ್ಕೂ ಶುರು ಮಾಡಿ ಉಳಿದುಕೊಂಡೆ. ಈಗಲೂ ನಮ್ಮ ಕಚೇರಿಯಲ್ಲಿ ವಾರದ ಕೊನೆಗೆ ಪ್ರೋಗ್ರಾಮಿನ ತಪ್ಪುಗಳ ಪಟ್ಟಿ ಹಿಡಿದು ಕೂರುವಾಗ ನನಗೆ ನೆನಪಾಗುವುದು ಭಾನುವಾರದ ತಪ್ಪಿನ ಪುಸ್ತಕವೇ.

ನಂತರದ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2015ರ ಪರೀಕ್ಷೆಯಿಂದ 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯೊಳಗಿನ ಚಟುವಟಿಕೆಗೆ ಎಂದಾಯಿತು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ‘ವಿದ್ಯಾಗಮ’ದಲ್ಲಿ ಮೇಷ್ಟ್ರು, ಮೇಡಂಗಳು ಗುಡಿಯ ಜಗಲಿಗೆ, ಮರದ ನೆರಳಿಗೆ ಬಂದು ಪಾಠ ಮಾಡಿದರು. 2021ರಲ್ಲಿ ಭಾಷೆಗಳ ಪರೀಕ್ಷೆ ಜುಲೈ 22ರಂದು ಒಂದೇ ದಿನ, ಓ.ಎಂ.ಆರ್. ಹಾಳೆಯಲ್ಲಿ ಗುರುತು ಹಾಕುವ ರೀತಿಯಲ್ಲಿ ನಡೆಯಿತು. ಪರೀಕ್ಷೆಯ ರೂಪ ಹೀಗೆ ಮತ್ತೆ ಮತ್ತೆ ಬದಲಾಗಿದೆ. ಪತ್ರ ಬರೆಯಲು ಬರಬೇಕು, ಓದದ ಒಂದು ಭಾಗವನ್ನು ಓದಿ ಅರ್ಥ ಮಾಡಿಕೊಳ್ಳಬೇಕು ಎಂಬುದು ಬದಲಾಗಿಲ್ಲ.

ಈಗ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ನಮ್ಮ ಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ. ಅದು 2002ರ ಪಟ್ಟಿ. ಈಗ ಕೊಡದ ಸಾಲು ಇಲ್ಲ, ಮೊಬೈಲು ಇದೆ. ಮೊದಲು ನಿಮ್ಮ ಮನೆಯ ವಾರವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬಿಡುವು ಎಲ್ಲಿದೆಯೋ ಅಲ್ಲಿ ಕಷ್ಟದ ಕೆಲಸ ಇಡಿ, ಬಿಡುವಿಲ್ಲದ ದಿನಕ್ಕೆ ಬಾಯಲ್ಲಿ ಹೇಳಿಕೊಳ್ಳುವಂಥದ್ದನ್ನು ಇಡಿ. ವಾರಕ್ಕೊಂದು ಟೆಸ್ಟು, ವಾರಕ್ಕೊಮ್ಮೆ ತಪ್ಪಿನ ಪುಸ್ತಕ, ಇವೆರಡನ್ನು ಮಾತ್ರ ಬಿಡಬೇಡಿ. ಒಂದು ವಾರ ತಪ್ಪಿದರೆ ಅದನ್ನು ಸೇರಿಸಿ ಓದಲು ಹೋಗದೆ, ಮುಂದಿನ ಸೋಮವಾರದಿಂದ ಹಿಡಿಯಿರಿ.

ಹಳೆಯ ವಿದ್ಯಾರ್ಥಿಗಳಿಗೂ ಊರಿನ ಹಿರಿಯರಿಗೂ ಒಂದು ಮನವಿ. ಶಾಲೆಯಲ್ಲಿ ಒಂದು ಹುದ್ದೆ ಖಾಲಿ ಬಿದ್ದರೆ ಅದು ಯಾರದೋ ಮನೆಯ ಅಂಕಪಟ್ಟಿಯಲ್ಲಿ 28 ಆಗಿ ಬರುತ್ತದೆ. ಹಾಗಾಗದಂತೆ ಎಲ್ಲರೂ ಸೇರಿ ಕೇಳಬೇಕು. ನನ್ನ ಪಾಲಿಗೆ ಶನಿವಾರದ ಟೆಸ್ಟು ಬರಲಿ. ಈ ದೀಪಾವಳಿಯಿಂದ ಪ್ರತಿ ಶನಿವಾರ ಹತ್ತನೇ ತರಗತಿಯ ಇಂಗ್ಲಿಷ್ ಉತ್ತರಗಳನ್ನು ತಿದ್ದಿಕೊಡುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಒಪ್ಪಿಕೊಂಡಿದ್ದೇನೆ. ಜೊತೆಯಾಗುವವರು ಶಾಲೆಯಲ್ಲಿ ಹೆಸರು ಕೊಡಬಹುದು.

ಅಂದು ಅಕ್ಕನ ಕಾಲ ಮೇಲೆ ಮಲಗಿದ್ದ ಮಗು 2018ರಲ್ಲಿ ಎಸ್.ಎಸ್.ಎಲ್.ಸಿ. ಬರೆದು ಪಾಸಾದಳು. ಆ ವರ್ಷ ಅವರ ಮನೆಗೆ ಹೋದಾಗ ಅಡುಗೆಮನೆಯ ಬಾಗಿಲ ಹಿಂದೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದ ಪಟ್ಟಿಯೊಂದು ಅಂಟಿಸಿತ್ತು. ಅಕ್ಷರ ಅಕ್ಕನದು. ಅವರೂರಿನ ಸಂತೆ ಮಂಗಳವಾರ. ಆದ್ದರಿಂದ ಹತ್ತು ಪದವನ್ನು ಅವಳು ಬುಧವಾರಕ್ಕೆ ಹಾಕಿದ್ದಳು.