ಊಟಾ ಹಾಗೆನ್: ರಾಬ್ಸನ್ ಎದುರು ನಿಂತ ನಟಿ, ಐವತ್ತು ವರ್ಷ ಪಾಠ ಹೇಳಿದ ಮೇಡಂ



ಪಾಲ್ ರಾಬ್ಸನ್ ಹೆಸರು ನಮ್ಮ ಹೋರಾಟದ ಜನಕ್ಕೆ ಹೊಸದಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ತಂದೆಯ ಮಗ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಅದೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1923ರಲ್ಲಿ ಪದವಿ ಪಡೆದವರು. ಆದರೆ ಅವರ ಎದುರು ಡೆಸ್ಡೆಮೋನಾ ಆಗಿ ನಿಂತ ಹೆಣ್ಣುಮಗಳ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ಹೆಸರು ಊಟಾ ಹಾಗೆನ್. ಹೆಸರು ಕೇಳಿ ನಗಬೇಡಿ, ಜರ್ಮನ್ ಹೆಸರು ಅದು. ಇವತ್ತು ಇವರ ಬಗ್ಗೆ ಬರೀತೀನಿ. ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

1919ರಲ್ಲಿ ಜರ್ಮನಿಯ ಗಟಿಂಗನ್‌ನಲ್ಲಿ ಹುಟ್ಟಿದರು. ತಂದೆ ಕಲಾ ಇತಿಹಾಸದ ಪ್ರೊಫೆಸರ್. ಮಗು ಇನ್ನೂ ಚಿಕ್ಕದಿದ್ದಾಗಲೇ ಮನೆಯವರು ಅಮೆರಿಕಾದ ವಿಸ್ಕಾನ್ಸಿನ್‌ಗೆ ಬಂದು ನೆಲೆಸಿದರು. ಅಂದರೆ ಓದು, ಪುಸ್ತಕ, ಸಂಗೀತ ಎಲ್ಲ ಮನೆಯಲ್ಲೇ ಇದ್ದ ಬಿಳಿಯ ಕುಟುಂಬ. 1937ರಲ್ಲಿ ಹ್ಯಾಮ್ಲೆಟ್ ನಾಟಕದಲ್ಲಿ ಒಫೀಲಿಯಾ, 1938ರಲ್ಲಿ ಬ್ರಾಡ್‌ವೇಯಲ್ಲಿ ಚೆಕಾಫ್‌ನ ಸೀಗಲ್ ನಾಟಕದ ನೀನಾ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ದಾರಿ ಸಲೀಸಾಗಿತ್ತು ಅಂತ್ಲೇ ಹೇಳಬೇಕು.

ಆ ದಾರಿ ತಿರುಗಿದ್ದು ಒಥೆಲೊ ನಾಟಕದಿಂದ.

ಕಥೆ ನಿಮಗೆ ಗೊತ್ತು. ಕರಿಯ ಸೇನಾಪತಿ, ಬಿಳಿಯ ದೊಡ್ಡ ಮನೆತನದ ಹುಡುಗಿ, ಅಪ್ಪನಿಗೆ ಹೇಳದೆ ಮಾಡಿಕೊಂಡ ಮದುವೆ. ನಮ್ಮ ಊರುಗಳಲ್ಲಿ ಇಂಥ ಮದುವೆಗೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕಾದಲ್ಲೂ ಆಗ ಹಾಗೇ ಇತ್ತು. ಕರಿಯ ಬಿಳಿಯರ ಮದುವೆ ಹಲವು ರಾಜ್ಯಗಳಲ್ಲಿ ಅಪರಾಧ, ಆ ಕಾನೂನು ಪೂರ್ತಿ ಬಿದ್ದದ್ದು 1967ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನಿಂದ. ಹಾಗಾಗಿ ಅಲ್ಲಿನ ದೊಡ್ಡ ಥಿಯೇಟರುಗಳಲ್ಲಿ ಒಥೆಲೊ ಪಾತ್ರವನ್ನು ಬಿಳಿಯರೇ ಮುಖಕ್ಕೆ ಮಸಿ ಬಳಿದುಕೊಂಡು ಮಾಡ್ತಿದ್ದರು. ನಮ್ಮ ನೋವಿನ ಕಥೆ ಬೇಕು, ನಾವು ಬೇಡ. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಮಾರ್ಗರೆಟ್ ವೆಬ್‌ಸ್ಟರ್ ಎಂಬ ನಿರ್ದೇಶಕಿ ರಾಬ್ಸನ್‌ರನ್ನೇ ಒಥೆಲೊ ಮಾಡಿ ನಾಟಕ ಕಟ್ಟಲು ಹೊರಟಾಗ ಹಣ ಹಾಕುವವರು ಹಿಂದೆ ಸರಿದರು. ಊಟಾ ಡೆಸ್ಡೆಮೋನಾ ಆಗಲು ಒಪ್ಪಿದರು. ಇಯಾಗೋ ಪಾತ್ರಕ್ಕೆ ಅವರ ಆಗಿನ ಗಂಡ ಹೋಸೆ ಫೆರರ್. 1942ರಲ್ಲಿ ಮೊದಲು ಬೇರೆ ಊರಲ್ಲಿ ಆಡಿ ನೋಡಿದರು. 1943ರ ಅಕ್ಟೋಬರ್ 19ಕ್ಕೆ ಬ್ರಾಡ್‌ವೇ. ಒಟ್ಟು 296 ಪ್ರದರ್ಶನ! ಬ್ರಾಡ್‌ವೇಯಲ್ಲಿ ಷೇಕ್ಸ್‌ಪಿಯರ್ ನಾಟಕವೊಂದು ಅಷ್ಟು ದಿನ ಓಡಿದ್ದು ಅದೇ ಮೊದಲು, ಆ ದಾಖಲೆ ಇನ್ನೂ ಮುರಿದಿಲ್ಲ. ಆಮೇಲೆ ದೇಶದ ತುಂಬಾ ತಿರುಗಾಟ. ಕರಿಯರನ್ನು ಬೇರೆ ಕೂರಿಸುವ ಥಿಯೇಟರಿನಲ್ಲಿ ಆಡಲ್ಲ ಅನ್ನೋದು ರಾಬ್ಸನ್ ಹಾಕಿದ ಷರತ್ತು. ಕಲೆಗೆ ರಾಜಕೀಯ ಬೇಡ ಅನ್ನುವವರು ಇದನ್ನು ಒಂದು ಸಲ ಓದಲಿ. ಸೀಟು ಹಂಚೋದೇ ರಾಜಕೀಯ.

ಇದಕ್ಕೆಲ್ಲ ಬೆಲೆ ಕಟ್ಟಬೇಕಾಯ್ತು. ಯುದ್ಧ ಮುಗೀತು, ಕಮ್ಯುನಿಸ್ಟ್ ಬೇಟೆ ಶುರುವಾಯ್ತು. 1950ರಲ್ಲಿ 'ರೆಡ್ ಚಾನೆಲ್ಸ್' ಅಂತ ಒಂದು ಪುಸ್ತಕ ಬಂತು. ಕಲಾವಿದರು, ಪತ್ರಕರ್ತರು ಸೇರಿ 151 ಹೆಸರು, ಇವರಿಗೆ ಕೆಂಪು ಸಂಪರ್ಕ ಇದೆ ಅಂತ. ಅದರಲ್ಲಿ ಊಟಾ ಹೆಸರೂ ಇತ್ತು. ಹಾಲಿವುಡ್ ಬಾಗಿಲು ಮುಚ್ಚಿತು. ಅವರ ಮೊದಲ ಸಿನಿಮಾ ಬಂದದ್ದು 1972ರಲ್ಲಿ, ಐವತ್ತು ದಾಟಿದ ಮೇಲೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಜೊತೆಗೆ ನಿಂತವರ ಕಷ್ಟವನ್ನೇ ದೊಡ್ಡದು ಮಾಡಿ, ತುಳಿಸಿಕೊಂಡವರನ್ನು ಮರೆಯೋದು ಒಂದು ಚಟ. ರಾಬ್ಸನ್ ಪಾಸ್‌ಪೋರ್ಟನ್ನೇ 1950ರಲ್ಲಿ ಸರ್ಕಾರ ಕಿತ್ಕೊಂಡಿತು. ವಾಪಸ್ ಸಿಕ್ಕಿದ್ದು 1958ರಲ್ಲಿ. ಆ ಎಂಟು ವರ್ಷ ಅವರ ಆರೋಗ್ಯ, ಹಾಡು, ಸಂಪಾದನೆ ಎಲ್ಲ ಹಾಳಾಯ್ತು. ಅದೇ ಹೊತ್ತಲ್ಲಿ ಊಟಾಗೆ ನಾಟಕದ ರಂಗ ಪೂರ್ತಿ ಮುಚ್ಚಿರಲಿಲ್ಲ. 'ದಿ ಕಂಟ್ರಿ ಗರ್ಲ್' ನಾಟಕಕ್ಕೆ 1951ರಲ್ಲಿ ಟೋನಿ ಪ್ರಶಸ್ತಿ ಬಂತು. ಒಂದೇ ವೇದಿಕೆ ಮೇಲೆ ನಿಂತವರು, ಆದರೆ ಶಿಕ್ಷೆ ಒಂದೇ ಅಲ್ಲ. ಚರ್ಮದ ಬಣ್ಣ ಅಲ್ಲೂ ಲೆಕ್ಕಕ್ಕೆ ಬಂತು. ಇಷ್ಟು ಹೇಳಿದ ಮೇಲೂ, ಊಟಾ ಮಾಡಿದ್ದು ಸಣ್ಣದಾಗಲ್ಲ.

ಈಗ ಮೇಡಂ ಕಥೆಗೆ ಬರ್ತೀನಿ.

1947ರಲ್ಲಿ ಹೆರಾಲ್ಡ್ ಕ್ಲರ್ಮನ್ ನಿರ್ದೇಶನದ ಒಂದು ನಾಟಕದಲ್ಲಿ ಊಟಾ ಅಭಿನಯಿಸಿದರು. ಹೆಸರು ಮಾಡಿದ ನಟಿ, ಆದರೆ ಅಷ್ಟು ಹೊತ್ತಿಗೆ ಕೈಗೆ ಬಂದಿದ್ದ ಚಮತ್ಕಾರಗಳನ್ನೇ ತಿರುಗಿಸಿ ತಿರುಗಿಸಿ ಮಾಡ್ತಿದ್ದರು. ಕ್ಲರ್ಮನ್ ಅದನ್ನೆಲ್ಲ ಬಿಡಿಸಿದರು. ಇದನ್ನು ಊಟಾ ತಮ್ಮ ಪುಸ್ತಕದಲ್ಲೇ ಬರೆದಿದ್ದಾರೆ. ಅದೇ ವರ್ಷ ಹರ್ಬರ್ಟ್ ಬರ್ಗಾಫ್ ನ್ಯೂಯಾರ್ಕಿನಲ್ಲಿ ನಡೆಸ್ತಿದ್ದ ಎಚ್‌ಬಿ ಸ್ಟುಡಿಯೋದಲ್ಲಿ ಪಾಠ ಹೇಳಲು ಸೇರಿದರು. ಬರ್ಗಾಫ್ ವಿಯೆನ್ನಾದಿಂದ ನಾಜಿಗಳ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಯಹೂದಿ. ಮುಂದೆ ಇಬ್ಬರೂ ಮದುವೆಯಾದರು. 1962ರಲ್ಲಿ 'ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್' ನಾಟಕದ ಮಾರ್ಥಾ ಪಾತ್ರ ಮಾಡಿ ಎರಡನೇ ಟೋನಿ ಗೆದ್ದರು. ಆದರೂ ಪಾಠ ಬಿಡಲಿಲ್ಲ. ಆ ಸ್ಟುಡಿಯೋದ ಹೆಗ್ಗಳಿಕೆ ಅಂದರೆ ಕಡಿಮೆ ಫೀಸು. ಹೋಟೆಲಲ್ಲಿ ತಟ್ಟೆ ಎತ್ತುವ ಹುಡುಗರೂ ಕಲಿಯಲಿ ಅಂತ.

1973ರಲ್ಲಿ ಅವರ 'ರೆಸ್ಪೆಕ್ಟ್ ಫಾರ್ ಆ್ಯಕ್ಟಿಂಗ್' ಬಂತು. ಅದರ ತಿರುಳನ್ನು ನನಗೆ ತಿಳಿದಷ್ಟು ಹೇಳ್ತೀನಿ. ಅಳು ಬರಿಸಬೇಡ, ಕೋಪ ತೋರಿಸಬೇಡ. ಮೊದಲು ಕೇಳಿಕೋ. ನಾನು ಯಾರು, ಎಲ್ಲಿದ್ದೀನಿ, ಯಾವ ಹೊತ್ತು, ನನ್ನ ಸುತ್ತ ಏನೇನಿದೆ, ನನಗೇನು ಬೇಕು, ಅದಕ್ಕೆ ಅಡ್ಡ ಏನಿದೆ, ಅದನ್ನು ಪಡೆಯಲು ಏನು ಮಾಡ್ತೀನಿ. ಇಷ್ಟಕ್ಕೂ ಉತ್ತರ ಇದ್ದರೆ ಭಾವನೆ ತಾನಾಗೇ ಬರುತ್ತೆ. ವಿದ್ಯಾರ್ಥಿಗಳಿಗೆ ಕೊಡ್ತಿದ್ದ ಕೆಲಸ ಏನು ಗೊತ್ತಾ? ಮನೆಯಲ್ಲಿ ಒಬ್ಬರೇ ಇದ್ದಾಗಿನ ಎರಡು ನಿಮಿಷದ ಬದುಕನ್ನು ತಂದು ಇಲ್ಲಿ ಮಾಡಿ ತೋರಿಸು. ನಿಜವಾದ ಪಾತ್ರೆ, ನಿಜವಾದ ಬಟ್ಟೆ, ನಿಜವಾದ ಅವಸರ.

ನನಗೆ ಇದು ಬರೀ ನಟನೆಯ ಪಾಠ ಅನ್ನಿಸಲ್ಲ. ನಮ್ಮ ಬೀದಿನಾಟಕ ನೆನಪು ಮಾಡ್ಕೊಳ್ಳಿ. ದಲಿತನ ಪಾತ್ರ ಅಂದ ಕೂಡಲೇ ಬೆನ್ನು ಬಗ್ಗುತ್ತೆ, ಕೈ ಮುಗಿಯುತ್ತೆ, ಬುದ್ಧೀ ಅಂತ ದನಿ ನಡುಗುತ್ತೆ. ನೋಡಿದವರು ಅಯ್ಯೋ ಪಾಪ ಅಂತ ಕಣ್ಣೊರೆಸಿಕೊಂಡು ಮನೆಗೆ ಹೋಗ್ತಾರೆ. ಆ ಮನುಷ್ಯನಿಗೆ ಏನು ಬೇಕು ಅಂತ ಯಾರೂ ಕೇಳಲ್ಲ. ಅವನಿಗೆ ಬೇಕಾದದ್ದು ಕರುಣೆ ಅಲ್ಲ. ಕೆರೆಯ ನೀರು ಬೇಕು, ತುಂಡು ಭೂಮಿ ಬೇಕು, ಮಗಳಿಗೆ ಹಾಸ್ಟೆಲ್ ಸೀಟು ಬೇಕು. ಅಡ್ಡ ಯಾರಿದ್ದಾರೆ, ಅವನು ಏನು ಮಾಡ್ತಾನೆ ಅನ್ನೋದು ಗೊತ್ತಾದ ತಕ್ಷಣ ಬೆನ್ನು ನೆಟ್ಟಗಾಗುತ್ತೆ. ಪಾತ್ರ ಬಲಿಪಶು ಆಗಿರಲ್ಲ, ಮನುಷ್ಯ ಆಗುತ್ತೆ. ಮಹಾಡ್ ಕೆರೆಯಲ್ಲಿ ಬಾಬಾಸಾಹೇಬರು ಮಾಡಿದ್ದೂ ಬೇಕಾದದ್ದರ ಕಡೆಗೆ ಕೈ ಚಾಚಿದ ಕ್ರಿಯೆಯನ್ನೇ.

ಊಟಾ 2004ರ ಜನವರಿಯಲ್ಲಿ ತೀರಿಕೊಂಡರು. ಬ್ಯಾಂಕ್ ಸ್ಟ್ರೀಟಿನ ಆ ಸ್ಟುಡಿಯೋದಲ್ಲಿ ತರಗತಿಗಳು ನಿಲ್ಲಲಿಲ್ಲ.

ನನ್ನ ಕೋರಿಕೆ ಇಷ್ಟೆ. ನಾಟಕ ಕಲಿಸಬಲ್ಲ ಅಣ್ಣ ಅಕ್ಕಂದಿರು ಈ ಲಿಸ್ಟಿನಲ್ಲಿ ಬಹಳ ಜನ ಇದ್ದೀರಿ. ಜಿಲ್ಲೆಗೊಂದು ಹಾಸ್ಟೆಲ್ ಹಿಡ್ಕೊಳ್ಳಿ, ಭಾನುವಾರ ಎರಡು ಗಂಟೆ ಕೊಡಿ. ನಮ್ಮ ಮಕ್ಕಳಿಗೆ ಡೈಲಾಗ್ ಬಾಯಿಪಾಠ ಮಾಡಿಸೋ ಮುಂಚೆ ಆ ಪ್ರಶ್ನೆ ಕೇಳಿ: ನಿನಗೇನು ಬೇಕು?

ಉತ್ತರ ಅವರ ಹತ್ತಿರ ಇದೆ. ಕೇಳಿದವರಿಲ್ಲ ಅಷ್ಟೆ.

ಜೈ ಭೀಮ್.