ಹದಿಹರೆಯದ ಗರ್ಭಧಾರಣೆ: ಮಕ್ಕಳ ಕೈಗೆ ಮೈಕ್ ಕೊಟ್ಟರಷ್ಟೇ ಸಾಕೇ?

ಕರ್ನಾಟಕದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 5.4ರಷ್ಟು ಮಂದಿ ಆಗಲೇ ತಾಯಿಯಾಗಿದ್ದರು, ಇಲ್ಲವೇ ಬಸಿರಾಗಿದ್ದರು. ಇದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ದೇಶದ ಸರಾಸರಿ ಶೇ 6.8. ಹಾಗಾದ್ರೆ ನಾವೇ ವಾಸಿ ಅಲ್ವಾ ಅನ್ನಿಸಬಹುದು. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನೋಡಿ: ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐದು ವರ್ಷ ಹಿಂದಿನ ಸಮೀಕ್ಷೆಯಲ್ಲೂ ಈ ಸಂಖ್ಯೆ ಹೆಚ್ಚುಕಮ್ಮಿ ಇಷ್ಟೇ ಇತ್ತು.

ಈ ನಡುವೆ ಕಾನೂನು ಮಾತ್ರ ಬಿಗಿಯಾಗುತ್ತಾ ಬಂತು. ಬಾಲ್ಯವಿವಾಹ ತಡೆ ಕುರಿತು ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2017ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಕರ್ನಾಟಕದ ಈ ದಾರಿಯನ್ನು ಬೇರೆ ರಾಜ್ಯಗಳೂ ಹಿಡಿದರೆ ಒಳ್ಳೆಯದು ಅಂತ ಸುಪ್ರೀಂ ಕೋರ್ಟೇ ಅದೇ ವರ್ಷ ಹೇಳಿತು. ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ದೇಹದಲ್ಲಿ ಏನಾಗುತ್ತಿದೆ, ಗರ್ಭ ನಿಲ್ಲುವುದು ಹೇಗೆ, ಬೇಡ ಅಂದರೆ ಯಾರ ಬಳಿ ಹೋಗಬೇಕು ಅನ್ನೋದನ್ನ ಕಾನೂನು ಹುಡುಗಿಗೆ ಹೇಳಿಕೊಡುವುದಿಲ್ಲ.

2007ರಲ್ಲಿ ಏನಾಯಿತು?

ಕೇಂದ್ರ ಸರ್ಕಾರ 2005ರಲ್ಲಿ ಶಾಲೆಗಳಿಗಾಗಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಿತು. ಹಿಂದಿದ್ದ ಮುಖ್ಯ ಕಾಳಜಿ ಎಚ್‌ಐವಿ ತಡೆ. ಪಠ್ಯದ ಚಿತ್ರಗಳು ಅಶ್ಲೀಲ, ನಮ್ಮ ಸಂಸ್ಕೃತಿಗೆ ಒಗ್ಗಲ್ಲ ಎಂಬ ಗದ್ದಲ ಎದ್ದು, 2007ರಲ್ಲಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. ಕರ್ನಾಟಕವೂ ಅದರಲ್ಲಿತ್ತು. ಆಡಳಿತದಲ್ಲಿ ಯಾವ ಪಕ್ಷ ಇತ್ತು ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ, ಈ ವಿಷಯದಲ್ಲಿ ಎಲ್ಲರೂ ಒಂದೇ. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ ಕೂಡ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂದಿತು. ಅದೇ ಹೊತ್ತಿಗೆ, ನಮಗಿಂತ ಬಡ ರಾಜ್ಯವಾದ ಜಾರ್ಖಂಡ್ ಸರ್ಕಾರಿ ಶಾಲೆಗಳಲ್ಲಿ 'ಉಡಾನ್' ಹೆಸರಿನಲ್ಲಿ ಹದಿಹರೆಯದ ಶಿಕ್ಷಣವನ್ನು ನಡೆಸಿಕೊಂಡೇ ಹೋಯಿತು.

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ವಾದಕ್ಕೆ ಉತ್ತರ ಯಾವತ್ತೋ ಸಿಕ್ಕಿದೆ. ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಹೇಳುವುದಿಷ್ಟು: ಸಮಗ್ರ ಲೈಂಗಿಕ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ. 'ಮದುವೆವರೆಗೆ ತಡ್ಕೊಳ್ಳಿ' ಎಂಬ ಒಂದೇ ಉಪದೇಶದ ಪಾಠಗಳಿಂದ ಪ್ರಯೋಜನ ಕಂಡಿಲ್ಲ.

ಈಗಲೂ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಇದೆ. ಕಾಂಡೋಮ್, ಮಾತ್ರೆ, ಕಾಪರ್-ಟಿ ಹೆಸರುಗಳೂ ಇವೆ. 'ಮನೇಲಿ ಓದ್ಕೊಳ್ಳಿ' ಅಂತ ಮೇಷ್ಟ್ರು ಪುಟ ತಿರುಗಿಸಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿಲ್ಲ! ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಎಂಟು-ಒಂಬತ್ತಕ್ಕೇ ಶಾಲೆ ಬಿಟ್ಟು ಮದುವೆಯಾಗುವ ಹುಡುಗಿಗೆ ಆ ಪುಟ ಸಿಗುವುದೇ ಇಲ್ಲ.

ಸ್ನೇಹ ಕ್ಲಿನಿಕ್ ಎಲ್ಲಿದೆ?

2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಕಾಗದದ ಮೇಲೆ ನಿಜಕ್ಕೂ ಚೆನ್ನಾಗಿದೆ. 10ರಿಂದ 19 ವರ್ಷದವರಿಗೆ ಪ್ರತ್ಯೇಕ ಕ್ಲಿನಿಕ್, ನಮ್ಮಲ್ಲಿ ಅದರ ಹೆಸರು ಸ್ನೇಹ ಕ್ಲಿನಿಕ್. ಅಲ್ಲಿ ಆಪ್ತಸಮಾಲೋಚಕರು ಇರಬೇಕು. ಹಳ್ಳಿಯಲ್ಲಿ ಸಾವಿರ ಜನಸಂಖ್ಯೆಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ತರಬೇತಿ ಪಡೆದು ಓರಗೆಯವರೊಂದಿಗೆ ಮಾತಾಡಬೇಕು. ಯುವಜನರ ಭಾಗವಹಿಸುವಿಕೆ ಅಂದರೆ ಇದೇ: ಉಪನ್ಯಾಸ ಕೇಳುವ ಸ್ಥಾನದಿಂದ, ಕಾರ್ಯಕ್ರಮ ನಡೆಸುವ ಸ್ಥಾನಕ್ಕೆ ಬರೋದು. ಬಳಸುವವರನ್ನು ಕೇಳದೆ ಆ್ಯಪ್ ಮಾಡಿದರೆ ಏನಾಗುತ್ತೆ ಅನ್ನೋದು ಇಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತು. ಆರೋಗ್ಯ ಯೋಜನೆಗೂ ಅದೇ ನಿಯಮ.

ಆದರೆ ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನಕ್ಕೆ ನಿಮ್ಮ ತಾಲ್ಲೂಕಿನ ಸ್ನೇಹ ಕ್ಲಿನಿಕ್ ಗೊತ್ತು? ಆಶಾ ಕಾರ್ಯಕರ್ತೆಯ ಚೀಲದಲ್ಲಿ ನಿರೋಧ್ ಇರುತ್ತೆ, ಮಾಲಾ-ಎನ್ ಮಾತ್ರೆಯೂ ಇರುತ್ತೆ. ಅದೇ ಬೀದಿಯ 17ರ ಹುಡುಗಿ ಅದನ್ನು ಕೇಳುವ ಧೈರ್ಯ ಎಲ್ಲಿಂದ ತರಬೇಕು?

ಗುಟ್ಟು ಉಳಿಯದ ಆಸ್ಪತ್ರೆ

ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಗಂಟು ಇಲ್ಲಿದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18ರ ಒಳಗಿನವರ ಸಮ್ಮತಿಗೆ ಬೆಲೆ ಇಲ್ಲ. ಸೆಕ್ಷನ್ 19ರಡಿ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು. ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಇದು ರಕ್ಷಣೆ. ಆದರೆ 17ರ ಹುಡುಗಿ ಓರಗೆಯವನನ್ನು ಪ್ರೀತಿಸಿ ಬಸಿರಾದರೂ ಕೇಸು, ಮನೆಯವರೇ ಮದುವೆ ಮಾಡಿಸಿ ಬಸಿರಾದರೂ ಗಂಡನ ಮೇಲೆ ಕೇಸು. ಈ ಭಯಕ್ಕೆ ಮನೆಯವರು ತಾಯಿ ಕಾರ್ಡ್ ಮಾಡಿಸುವುದನ್ನು ಮುಂದಕ್ಕೆ ಹಾಕುತ್ತಾರೆ, ವಯಸ್ಸು ಏರಿಸಿ ಹೇಳುತ್ತಾರೆ. ಹದಿಹರೆಯದ ತಾಯಂದಿರಿಗೆ ನಂಜು, ಸೋಂಕಿನ ಅಪಾಯ ಜಾಸ್ತಿ. ಮಗು ದಿನ ತುಂಬದೆ, ತೂಕ ಕಮ್ಮಿಯಾಗಿ ಹುಟ್ಟುವ ಸಾಧ್ಯತೆಯೂ ಜಾಸ್ತಿ. ಅಂದರೆ ಯಾರಿಗೆ ತಪಾಸಣೆ ಎಲ್ಲರಿಗಿಂತ ಮೊದಲು ಬೇಕೋ ಅವಳೇ ಆಸ್ಪತ್ರೆಯಿಂದ ದೂರ.

ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಕೊಟ್ಟ ತೀರ್ಪು ಈ ಗಂಟನ್ನು ಸ್ವಲ್ಪ ಸಡಿಲಿಸಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಗುರುತು ಬಹಿರಂಗಪಡಿಸಬೇಕಿಲ್ಲ. 2021ರ ತಿದ್ದುಪಡಿಯಿಂದ ಅಪ್ರಾಪ್ತರಿಗೆ 24 ವಾರದವರೆಗೆ ಕಾನೂನುಬದ್ಧ ಗರ್ಭಪಾತಕ್ಕೆ ಅವಕಾಶವೂ ಇದೆ. 20 ವಾರ ದಾಟಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಪೋಷಕರ ಒಪ್ಪಿಗೆ ಹೇಗೂ ಬೇಕು. ಈ ಎರಡು ಸಂಗತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆ ಮೇಲೆ ಬರೆಸಿದ್ದು ನಾನಂತೂ ನೋಡಿಲ್ಲ.

ಇಂಗ್ಲೆಂಡಿನ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1998ರಲ್ಲಿ ಅಲ್ಲಿ 15ರಿಂದ 17 ವರ್ಷದ ಸಾವಿರ ಹುಡುಗಿಯರಲ್ಲಿ ಸುಮಾರು 47 ಮಂದಿ ಗರ್ಭ ಧರಿಸುತ್ತಿದ್ದರು. 1999ರಲ್ಲಿ ಸರ್ಕಾರ ಹತ್ತು ವರ್ಷದ ಯೋಜನೆ ಹಾಕಿ, ಪಾಠವನ್ನೂ ಯುವಸ್ನೇಹಿ ಕ್ಲಿನಿಕ್ಕನ್ನೂ ಜೋಡಿಸಿ, ಸ್ಥಳೀಯ ಆಡಳಿತಗಳಿಗೆ ಹೊಣೆ ಹಂಚಿತು. 2014ರ ಹೊತ್ತಿಗೆ ಆ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ವಿಷಯ ಅರ್ಥ ಮಾಡಿಕೊಳ್ಳಬಲ್ಲ ಹುಡುಗಿ 16ರ ಒಳಗಿದ್ದರೂ ಪೋಷಕರ ಒಪ್ಪಿಗೆ ಇಲ್ಲದೆ ವೈದ್ಯರು ಸಲಹೆ ಕೊಡಬಹುದು ಅಂತ ಅಲ್ಲಿ 1985ರಲ್ಲೇ ಇತ್ಯರ್ಥವಾಗಿತ್ತು. ಬಾಲ್ಯವಿವಾಹದ ಸಮಸ್ಯೆ ನಮ್ಮಷ್ಟು ಅಲ್ಲಿಲ್ಲ, ಹಾಗಾಗಿ ನೇರ ಹೋಲಿಕೆ ಸರಿಯಾಗದು. ಪಾಠ, ಕ್ಲಿನಿಕ್, ಗುಟ್ಟು ಉಳಿಯುವ ಭರವಸೆ ಒಟ್ಟಿಗೆ ಬೇಕು ಎಂಬುದು ಮಾತ್ರ ಇಲ್ಲಿಗೂ ಹೊಂದುತ್ತದೆ.

ಮಕ್ಕಳ ಗ್ರಾಮಸಭೆಯಲ್ಲಿ ಏನು ಕೇಳಬಹುದು?

ಯುವಜನರಿಗೆ ವೇದಿಕೆಯ ಕೊರತೆ ನಮ್ಮಲ್ಲಿಲ್ಲ. ಕುಂದಾಪುರ ಭಾಗದಲ್ಲಿ ಭೀಮ ಸಂಘದ ದುಡಿಯುವ ಮಕ್ಕಳು 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ನಡೆಸಿದ ನಾಡು ಇದು. ಈಗ ಮಕ್ಕಳ ಗ್ರಾಮಸಭೆ ರಾಜ್ಯದ ಪಂಚಾಯ್ತಿಗಳ ಕೆಲಸವೇ ಆಗಿದೆ. ಮಕ್ಕಳು ಶೌಚಾಲಯ, ಕುಡಿಯುವ ನೀರು, ಬಸ್ಸು, ಆಟದ ಮೈದಾನ ಕೇಳುತ್ತಾರೆ, ಪಿಡಿಒ ಬರೆದುಕೊಳ್ಳುತ್ತಾರೆ, ಫೋಟೊ ಆಗುತ್ತದೆ. ಮುಟ್ಟು, ಮದುವೆ, ಬಸಿರಿನ ಪ್ರಶ್ನೆಯನ್ನು ಹುಡುಗಿಯೊಬ್ಬಳು ಇಡೀ ಊರಿನ ಎದುರು ಮೈಕಿನಲ್ಲಿ ಕೇಳಲಿ ಅಂತ ನಿರೀಕ್ಷಿಸುವುದೇ ತಪ್ಪು. ಹೆಸರಿಲ್ಲದ ಚೀಟಿ ಹಾಕುವ ಡಬ್ಬವನ್ನು ಒಂದು ವಾರ ಮೊದಲೇ ಶಾಲೆಯಲ್ಲೂ ಪಂಚಾಯ್ತಿ ಲೈಬ್ರರಿಯಲ್ಲೂ ಇಡಬಹುದು. ಶಾಲೆ ಬಿಟ್ಟವರಿಗೆ ಲೈಬ್ರರಿಯೇ ಗತಿ.

ನಿಮ್ಮೂರಿನ ಸಭೆಗೆ ಹೋಗುವವರಿದ್ದರೆ ಉತ್ತರ ದಾಖಲಾಗುವಂತೆ ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. ನಮ್ಮ ಊರಿನ ನಾಲ್ವರು ತರಬೇತಿ ಪಡೆದ ಹುಡುಗ-ಹುಡುಗಿಯರು ಯಾರು, ಅವರಿಗೆ ಕೊನೆಯ ತರಬೇತಿ ಯಾವಾಗ ಆಯಿತು? ಸ್ನೇಹ ಕ್ಲಿನಿಕ್ ಯಾವ ಆಸ್ಪತ್ರೆಯಲ್ಲಿದೆ, ಯಾವ ವಾರ, ಎಷ್ಟು ಗಂಟೆಗೆ? ಅದು ಶಾಲೆಯ ವೇಳೆಯಲ್ಲೇ ತೆರೆದು ಶಾಲೆ ಬಿಡುವ ಮೊದಲೇ ಮುಚ್ಚುತ್ತದೆಯೇ? 2022ರ ತೀರ್ಪು ನಮ್ಮ ವೈದ್ಯಾಧಿಕಾರಿಗೆ ಗೊತ್ತಿದೆಯೇ? ಈ ವರ್ಷ ಶಾಲೆ ಬಿಟ್ಟ ಹುಡುಗಿಯರ ಪಟ್ಟಿ ಯಾರ ಬಳಿ ಇದೆ, ಅವರ ಮನೆಗೆ ಯಾರು ಹೋಗಿದ್ದರು?