ಚಾಮಯ್ಯ ಮೇಷ್ಟರು ಕೇಳದ ಮಾತು

ವಾಚಕರೇ, ತ.ರಾ.ಸು. ಅವರ ಕಾದಂಬರಿಗಳನ್ನಾಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗಿತ್ತ ‘ನಾಗರಹಾವು’ ನಮ್ಮ ಚಿತ್ರದುರ್ಗದ ಕಥೆಯೆಂಬುದನ್ನು ತಾವು ಬಲ್ಲಿರಿ. ಊರು ಪುಂಡನೆಂದು ಹಳಿದ ರಾಮಾಚಾರಿ ತಲೆಬಾಗುತ್ತಿದ್ದುದು ಚಾಮಯ್ಯ ಮೇಷ್ಟರಿಗೆ. ಅಲಮೇಲುವನ್ನು ಮರೆತುಬಿಡೆಂದು ಆ ಗುರು ಹೇಳಿದಾಗ ಶಿಷ್ಯ ಒಪ್ಪಿದ. ಒಪ್ಪಿದ ಮೇಲೆ ಅವನೊಳಗೇನಾಯಿತೆಂದು ವಾತ್ಸಲ್ಯಮೂರ್ತಿಯಾದ ಆ ಹಿರಿಯರೂ ಹೆಚ್ಚು ವಿಚಾರಿಸಲಿಲ್ಲ. ಕಥೆ ದುರಂತದಲ್ಲಿ ಮುಗಿಯಿತು. ಅನುಭವಮಂಟಪದ ವಾರಸುದಾರರಾದ ನಮಗೆ ಕೇಳಿಸಿಕೊಳ್ಳುವುದು ಹೊಸ ವಿದ್ಯೆಯೇನಲ್ಲ!

ಮನದ ಬೇನೆಯನ್ನು ಆಲಿಸುವ ವೈದ್ಯ ನಮ್ಮ ಸೀಮೆಗೆ ನಿಧಾನವಾಗಿ ಬಂದಿತು. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯ ಆರೋಗ್ಯಕೇಂದ್ರಗಳ ವೈದ್ಯರಿಗೇ ಮನೋಚಿಕಿತ್ಸೆಯ ತರಬೇತಿಯಿತ್ತಿತು. 1996ರಲ್ಲಿ ಅದೇ ಮಾದರಿ ದೇಶದ ಯೋಜನೆಯಾಯಿತು. 2022ರಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮಕ್ಕಳೂ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದಾಗಿದೆ. ಈ ಸಂಖ್ಯೆಯನ್ನು ಮನೆಯ ಮಕ್ಕಳಿಗೆ ಬರೆದುಕೊಡಿ. ಕೊಡುವಾಗ ಅಂಕಪಟ್ಟಿಯ ಮಾತೆತ್ತಬೇಡಿ.